ಹಿತ್ತಿಲ ಮೆಣಸಿನ ಗಿಡ

ಉಪ್ಪು, ಹುಳಿ, ಖಾರ ಈ ಮೂರರ ಮೇಲೆ ನಮ್ಮ ಅಡಿಗೆಮನೆ ನಿಂತಿದೆಯೆಂದರೆ ಅತಿಶಯೋಕ್ತಿಯಾಗಲಾರದು. ಇವುಗಳಲ್ಲಿ ಉಪ್ಪನ್ನು ಮನೆಯಲ್ಲಿ ಬೆಳೆಯುವುದು ಯಾರಿಂದಲೂ ಸಾಧ್ಯವಿಲ್ಲ. ಹುಣಿಸೆಯ ಗಿಡವನ್ನು ಇಂದು ನೆಟ್ಟರೆ ಅದರ ಹಣ್ಣನ್ನು ಮನದಣಿಯೆ ಬಡಿಯುವವರು ನಮ್ಮ ಮಕ್ಕಳು. ಬಿತ್ತಿದವನ ಕೈಗೆ ಆ ವರ್ಷವೇ ಫಲವನ್ನೀಯುವುದು ಖಾರವೊಂದೇ. ಹಿತ್ತಿಲಿನಲ್ಲಿ ಒಂದು ಮಂಚದಷ್ಟು ನೆಲ, ಅದೂ ಇಲ್ಲದವರಿಗೆ ಮಾಳಿಗೆಯ ಮೇಲೆ ಆರೇಳು ಕುಂಡ, ಇಷ್ಟಿದ್ದರೆ ಒಂದು ಸಾಧಾರಣ ಸಂಸಾರದ ಹಸಿಮೆಣಸಿನಕಾಯಿಯ ಖರ್ಚು ಕೆಲವು ತಿಂಗಳ ಮಟ್ಟಿಗೆ ಬಹುಪಾಲು ನೀಗುವುದು.

ಹೀಗಿದ್ದರೂ ಬೀಜದಿಂದ ಮೆಣಸಿನ ಗಿಡವನ್ನು ಎಬ್ಬಿಸುವ ಮನೆಗಳು ಇಂದು ವಿರಳವಾಗಿವೆ. ಸಂತೆಯಿಂದ ಸಸಿಯನ್ನು ತಂದು ನೆಡುವವರು ಕೆಲವರು. ಬೀಜವನ್ನು ಬಿತ್ತಿ ನಡುವೆಯೇ ಕೈಬಿಟ್ಟವರು ಹಲವರು. ಹೀಗೆ ಕೈಬಿಟ್ಟವರನ್ನು ವಿಚಾರಿಸಿದರೆ ಎರಡೇ ದೂರುಗಳು ಕೇಳಿಬರುತ್ತವೆ. “ಬಿತ್ತಿದೆವು, ಏಳಲಿಲ್ಲ” ಎಂಬುದು ಒಂದು. “ಎದ್ದವು, ಆದರೆ ಬಿದ್ದುಹೋದವು” ಎಂಬುದು ಇನ್ನೊಂದು. ಎರಡಕ್ಕೂ ಕಾರಣವುಂಟು, ಪರಿಹಾರವೂ ಉಂಟು. ಅವನ್ನು ವಾಚಕರ ಮುಂದಿಡುವುದರ ಜೊತೆಗೆ, ಅದಕ್ಕಿಂತಲೂ ಮುಖ್ಯವೆಂದು ನಮಗೆ ತೋರುವ ಮತ್ತೊಂದು ವಿಷಯವನ್ನು, ಎಂದರೆ ಮನೆಯ ಬೀಜವನ್ನು ಮನೆಯಲ್ಲಿ ಉಳಿಸಿಕೊಳ್ಳುವ ವಿಷಯವನ್ನು, ಈ ಲೇಖನದಲ್ಲಿ ಹೇಳಬಯಸುತ್ತೇವೆ.

ಹೊರಗಿನಿಂದ ಬಂದ ಬೆಳೆ

ಮೆಣಸಿನಕಾಯಿಯು ನಮ್ಮ ದೇಶದ ಮೂಲಸಸ್ಯವಲ್ಲವೆಂಬುದನ್ನು ಕೇಳಿ ಆಶ್ಚರ್ಯಪಡುವವರು ಈಗಲೂ ಇದ್ದಾರೆ. ಇದರ ತವರು ಅಮೆರಿಕ ಖಂಡ. ಮೆಕ್ಸಿಕೋ ಮೊದಲಾದ ಕಡೆಗಳಲ್ಲಿ ಜನರು ಇದನ್ನು ಸಾವಿರಾರು ವರ್ಷಗಳಿಂದ ಬೆಳೆಸುತ್ತಿದ್ದರು. ಕೊಲಂಬಸನು ೧೪೯೨ರಲ್ಲಿ ಆ ಕಡೆಯ ದ್ವೀಪಗಳನ್ನು ಮುಟ್ಟಿದ ಬಳಿಕ ಇದು ಯುರೋಪಿಗೆ ಬಂದಿತು. ಪೋರ್ಚುಗೀಸರು ೧೪೯೮ರಲ್ಲಿ ಕಲ್ಲೀಕೋಟೆಗೆ ಬಂದಿಳಿದು ೧೫೧೦ರಲ್ಲಿ ಗೋವೆಯನ್ನು ಹಿಡಿದರಷ್ಟೆ. ಅವರ ಹಡಗುಗಳ ಮೂಲಕವೇ ಹದಿನಾರನೆಯ ಶತಮಾನದಲ್ಲಿ ಇದು ನಮ್ಮ ಪಡುವಣ ಕರಾವಳಿಯನ್ನು ಸೇರಿ, ಅಲ್ಲಿಂದ ಘಟ್ಟವನ್ನು ಹತ್ತಿತು.

ಅದಕ್ಕೆ ಮೊದಲು ನಮ್ಮ ಹಿರಿಯರು ಖಾರಕ್ಕೆ ಬಳಸುತ್ತಿದ್ದುದು ಬಳ್ಳಿಯ ಮೆಣಸು, ಹಿಪ್ಪಲಿ, ಶುಂಠಿ ಮುಂತಾದವನ್ನು. ಮೆಣಸು ಎಂಬ ಹೆಸರು ಆ ಬಳ್ಳಿಯ ಕಾಳಿಗೆ ಸಲ್ಲುತ್ತಿದ್ದುದು. ಹೊಸತಾಗಿ ಬಂದ ಗಿಡದ ಕಾಯಿಯಲ್ಲಿಯೂ ಅದೇ ಖಾರವನ್ನು ಕಂಡು ಜನರು ಅದನ್ನು ಮೆಣಸಿನಕಾಯಿ ಎಂದರು. ಕ್ರಮೇಣ ಹೊಸಬನೇ ಮನೆಯ ಯಜಮಾನನಾಗಿ, ಹಳಬನಿಗೆ ಕಾಳುಮೆಣಸು, ಕರಿಮೆಣಸು ಎಂದು ವಿಶೇಷಣವನ್ನು ಅಂಟಿಸಬೇಕಾಯಿತು. ದಕ್ಷಿಣ ಕನ್ನಡದವರು ಮಾತ್ರ ಇಂದಿಗೂ ಹಳೆಯ ಗೌರವವನ್ನು ಬಿಡದೆ ಕಾಳನ್ನು ‘ಒಳ್ಳೆಮೆಣಸು’ ಎನ್ನುವರು. ಅನೇಕ ಮನೆಗಳಲ್ಲಿ ಶ್ರಾದ್ಧದ ಅಡಿಗೆಗೆ ಮೆಣಸಿನಕಾಯಿಯನ್ನು ಸೇರಿಸದೆ ಕಾಳುಮೆಣಸನ್ನೇ ಹಾಕುವ ಪದ್ಧತಿಯೂ ಆ ಪೂರ್ವಕಾಲದ ನೆನಪೇ ಸರಿ.

ಹೊರಗಿನಿಂದ ಬಂದ ಬೆಳೆಯಾದರೂ ನಮ್ಮ ಮಣ್ಣು ಅದಕ್ಕೆ ತನ್ನದೇ ಆದ ಗುಣವನ್ನು ಕೊಟ್ಟಿತು. ಹಾವೇರಿ, ಧಾರವಾಡ, ಗದಗ ಜಿಲ್ಲೆಗಳ ಎರೆನೆಲದಲ್ಲಿ ಬೆಳೆದು, ಬ್ಯಾಡಗಿಯ ಪೇಟೆಯ ಹೆಸರಿನಿಂದ ಖ್ಯಾತವಾದ ಮೆಣಸಿನಕಾಯಿಯನ್ನು ಅರಿಯದ ಕನ್ನಡಿಗರಿಲ್ಲ. ಮೈ ಸುಕ್ಕುಗಟ್ಟಿ ಉದ್ದವಾಗಿರುವ ಕಡ್ಡಿ, ದುಂಡಗೆ ಗಿಡ್ಡವಾಗಿರುವ ಡಬ್ಬಿ, ಎರಡಕ್ಕೂ ಬಣ್ಣ ಹೆಚ್ಚು, ಖಾರ ಕಡಮೆ. ಬ್ಯಾಡಗಿ ಮೆಣಸಿನಕಾಯಿಗೆ ೨೦೧೧ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರೆಯಿತು. ಪೇಟೆಗೆ ಬರುವ ಈ ಹೆಸರಿನ ಹಿಂದೆ ಎಷ್ಟೋ ಒಕ್ಕಲುಮನೆಗಳು ತಲೆತಲಾಂತರದಿಂದ ಒಳ್ಳೆಯ ಕಾಯಿಯನ್ನು ಆರಿಸಿ ಆರಿಸಿ ಬೀಜಕ್ಕೆಂದು ತೆಗೆದಿಟ್ಟ ಶ್ರಮವಿದೆಯೆಂಬುದನ್ನು ನಾವು ಮರೆಯಬಾರದು.

ಬೀಜದ ಆಯ್ಕೆ

ಮೊದಲು ಕೇಳಬೇಕಾದ ಪ್ರಶ್ನೆಯೆಂದರೆ, ಅಂಗಡಿಯ ಒಣಮೆಣಸಿನಕಾಯಿಯನ್ನು ಮುರಿದು ಅದರ ಬೀಜವನ್ನು ಬಿತ್ತಬಹುದೇ ಎಂಬುದು. ಬಿತ್ತಬಹುದು, ಹಲವು ಸಲ ಏಳುವುದೂ ಉಂಟು. ಆದರೆ ಆ ಕಾಯಿ ಎಷ್ಟು ವರ್ಷದ್ದೋ, ಎಂಥ ಬಿಸಿಲಿನಲ್ಲಿ ಒಣಗಿತೋ, ಎಲ್ಲಿ ಕೂಡಿಟ್ಟಿತ್ತೋ ನಮಗೆ ಗೊತ್ತಾಗುವ ಬಗೆಯಿಲ್ಲ. ಅದಕ್ಕಿಂತಲೂ ಮಿಗಿಲಾದ ತೊಡಕು ಸಂಕರ ತಳಿಯದು. ಎರಡು ಬೇರೆ ಬೇರೆ ತಳಿಗಳನ್ನು ಕೂಡಿಸಿ ಪಡೆದ ಬೀಜದಿಂದ ಮೊದಲ ಪೀಳಿಗೆಯಲ್ಲಿ ಗಿಡಗಳೆಲ್ಲ ಒಂದೇ ಸಮನಾಗಿ, ಹುಲುಸಾಗಿ ಬೆಳೆಯುವುವು; ಆದರೆ ಆ ಗಿಡಗಳ ಕಾಯಿಯ ಬೀಜವನ್ನು ಮರುವರ್ಷ ಬಿತ್ತಿದರೆ ಒಂದು ಗಿಡ ಅಜ್ಜನಂತೆ, ಮತ್ತೊಂದು ಅಜ್ಜಿಯಂತೆ, ಇನ್ನೊಂದು ಯಾರಂತೆಯೂ ಅಲ್ಲದೆ ಹುಟ್ಟುವುದು. ಆದುದರಿಂದ ಬೀಜವನ್ನು ಉಳಿಸಿಕೊಳ್ಳಬೇಕೆನ್ನುವವರು ಕೊಳ್ಳುವಾಗಲೇ ಶುದ್ಧ ತಳಿಯೋ ಸಂಕರ ತಳಿಯೋ ಎಂದು ಕೇಳಿ ತಿಳಿಯಬೇಕು. ಬೆಂಗಳೂರಿಗೆ ಸಮೀಪದ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯಿಂದ ಹೊರಬಂದ ತಳಿಗಳನ್ನೇ ತೆಗೆದುಕೊಂಡರೆ, ಅರ್ಕಾ ಲೋಹಿತ್ ಶುದ್ಧ ತಳಿ, ಅರ್ಕಾ ಮೇಘನಾ ಸಂಕರ ತಳಿ. ಹೆಸರಿನಿಂದ ಈ ಭೇದ ತಿಳಿಯದು. ಚೀಟಿಯನ್ನು ಓದಿಯೇ ತಿಳಿಯಬೇಕು.

ಯಾವ ಬಗೆಯನ್ನು ಬೆಳೆಯಬೇಕೆಂಬುದು ಮನೆಯ ನಾಲಗೆಗೆ ಬಿಟ್ಟ ಮಾತು. ಹಸಿಯಾಗಿಯೇ ಒಗ್ಗರಣೆಗೆ ಬೇಕೆನ್ನುವವರಿಗೆ ಪೂಸಾ ಜ್ವಾಲಾದಂಥ ತೆಳುವಾದ ಕಾಯಿ ಒಳ್ಳೆಯದು. ಸಾರಿನ ಪುಡಿಗೆ ಬಣ್ಣ ಬೇಕೆನ್ನುವವರು ಬ್ಯಾಡಗಿಯ ಜಾತಿಯನ್ನು ಹಾಕಲಿ. ಒಮ್ಮೆ ನೆಟ್ಟು ಕೆಲವು ವರ್ಷ ನಿಶ್ಚಿಂತರಾಗಿರಬೇಕೆನ್ನುವವರಿಗೆ ಮಲೆನಾಡು ಕರಾವಳಿಗಳ ಜೀರಿಗೆಮೆಣಸೇ ಸರಿ. ಅದನ್ನು ಮನುಷ್ಯರಿಗಿಂತ ಹಕ್ಕಿಗಳೇ ಹೆಚ್ಚಾಗಿ ಬಿತ್ತುವುವು. ಮೆಣಸಿನಕಾಯಿಯ ಉರಿ ಹಕ್ಕಿಯ ಬಾಯಿಗೆ ತಾಗುವುದಿಲ್ಲ. ಅವು ಹಣ್ಣನ್ನು ನುಂಗಿ, ಬೀಜವನ್ನು ಕೆಡಿಸದೆ, ಬೇಲಿಯ ಬುಡದಲ್ಲಿ ಉದುರಿಸಿಹೋಗುವುವು. ಇಲಿ ಅಳಿಲುಗಳಿಗೆ ಮಾತ್ರ ಉರಿ ತಾಗುವುದರಿಂದ ಅವು ಸಾಮಾನ್ಯವಾಗಿ ದೂರವಿರುವುವು.

ಬೀಜ ಯಾವುದೇ ಇರಲಿ, ಬಿತ್ತುವ ಮುನ್ನ ಪರೀಕ್ಷಿಸುವುದು ಲೇಸು. ಎಣಿಸಿ ೧೦ ಬೀಜಗಳನ್ನು ಒದ್ದೆಯ ಬಟ್ಟೆಯಲ್ಲಿ ಸುತ್ತಿ, ಒಂದು ಮುಚ್ಚಳದ ಪಾತ್ರೆಯಲ್ಲಿಟ್ಟು, ಒಲೆಯ ಬಳಿ ಬೆಚ್ಚಗಿರುವ ಕಡೆ ಇರಿಸಬೇಕು. ಬಟ್ಟೆ ಒಣಗದಂತೆ ದಿನವೂ ನೋಡಿಕೊಳ್ಳಬೇಕು. ಹತ್ತು ಹನ್ನೆರಡು ದಿನಗಳಲ್ಲಿ ಏಳೆಂಟು ಬೀಜ ಮೊಳೆತರೆ ಬೀಜ ಉತ್ತಮ. ನಾಲ್ಕೈದು ಮೊಳೆತರೆ ಎರಡರಷ್ಟು ಬಿತ್ತಬೇಕು. ಒಂದೆರಡೇ ಮೊಳೆತರೆ ಬೇರೆ ಬೀಜವನ್ನು ಹುಡುಕುವುದೇ ಮೇಲು. ‘ಬಿತ್ತಿದೆವು, ಏಳಲಿಲ್ಲ’ ಎಂಬ ದೂರಿನ ಒಂದು ಭಾಗವು ಇಲ್ಲಿಗೇ ಪರಿಹಾರವಾಗುವುದು.

ಬಿತ್ತುವ ಕಾಲ, ಬಿತ್ತುವ ಬಗೆ

ಆ ದೂರಿನ ಉಳಿದ ಭಾಗಕ್ಕೆ ಕಾರಣ ಚಳಿ. ಮೆಣಸಿನ ಬೀಜವು ಬೆಚ್ಚನೆಯ ಮಣ್ಣನ್ನು ಬಯಸುವಂಥದು. ಮಣ್ಣಿನ ಉಷ್ಣತೆ ೨೫ರಿಂದ ೩೦ ಡಿಗ್ರಿ ಸೆಂಟಿಗ್ರೇಡಿನಷ್ಟಿದ್ದರೆ ಏಳರಿಂದ ಹತ್ತು ದಿನಗಳಲ್ಲಿ ಮೊಳಕೆ ತೋರುವುದು. ಅದಕ್ಕಿಂತ ತಂಪಾದರೆ ಎರಡು ಮೂರು ವಾರಗಳೂ ಹಿಡಿಯಬಹುದು. ೧೫ ಡಿಗ್ರಿಗಿಂತ ಕೆಳಗಿಳಿದರೆ ಏಳುವುದೇ ದುರ್ಲಭ. ಪುಷ್ಯ ಮಾಸದ ಚಳಿಯಲ್ಲಿ ಬಿತ್ತಿ, ವಾರದಲ್ಲಿ ಏಳಲಿಲ್ಲವೆಂದು ಮಣ್ಣನ್ನು ಕೆದಕಿನೋಡಿದವರು ಬೀಜದ ಮೇಲೆ ತಪ್ಪು ಹೊರಿಸುವುದು ನ್ಯಾಯವಲ್ಲ. ನಮ್ಮ ಬಯಲುಸೀಮೆಗೆ ಯೋಗ್ಯವಾದ ಕಾಲವೆಂದರೆ ರೋಹಿಣಿ ಮಳೆಯ ಸುಮಾರು, ಅಂದರೆ ಮೇ ತಿಂಗಳ ಕೊನೆಯ ವಾರ. ಆಗ ಬಿತ್ತಿದರೆ ಪುನರ್ವಸು ಮಳೆಯ ಹೊತ್ತಿಗೆ ಸಸಿ ನಾಟಿಗೆ ಬರುವುದು. ಮನೆಯ ಕುಂಡಗಳಿಗೆ ನೀರಿನ ಅನುಕೂಲವಿದ್ದವರು ಸೆಪ್ಟೆಂಬರಿನಲ್ಲಿ ಮತ್ತೊಮ್ಮೆ ಬಿತ್ತಬಹುದು.

ಸಸಿಮಡಿಗೆ ದೊಡ್ಡ ಜಾಗ ಬೇಡ. ಮಸಾರಿ ಮಣ್ಣು ಒಂದು ಪಾಲು, ಮರಳು ಒಂದು ಪಾಲು, ಚೆನ್ನಾಗಿ ಕಳಿತು ಜರಡಿಯಾಡಿದ ಸಗಣಿಗೊಬ್ಬರ ಒಂದು ಪಾಲು, ಇವನ್ನು ಬೆರಸಿ ಅಗಲವಾದ ಕುಂಡದಲ್ಲಿ ತುಂಬಬೇಕು. ಹಸಿಗೊಬ್ಬರವನ್ನು ಎಂದಿಗೂ ಹಾಕಬಾರದು. ತಳದಲ್ಲಿ ತೂತುಗಳಿದ್ದು ಅವುಗಳ ಮೇಲೆ ಹೆಂಚಿನ ಚೂರುಗಳಿರಬೇಕು. ಕುಂಡವಿಲ್ಲದವರು ತೆಂಗಿನ ಕರಟಗಳನ್ನೇ ಬಳಸಬಹುದು. ಮೂರು ಕಣ್ಣುಗಳಿರುವ ಹೋಳನ್ನು ತೆಗೆದುಕೊಂಡು ಮೆತ್ತಗಿರುವ ಕಣ್ಣನ್ನು ಮೊಳೆಯಿಂದ ಚುಚ್ಚಿದರೆ ನೀರು ಇಳಿಯಲು ದಾರಿಯಾಗುವುದು. ಒಂದು ಕರಟಕ್ಕೆ ಎರಡು ಬೀಜ ಸಾಕು.

ಬೀಜವನ್ನು ಹಿಂದಿನ ರಾತ್ರಿ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಯಿಡಬೇಕು. ಮರುದಿನ ಮಣ್ಣನ್ನು ಸಮಮಾಡಿ, ಎರಡಂಗುಲಕ್ಕೊಂದು ಗೀಟನ್ನು ಎಳೆದು, ಗೀಟಿನಲ್ಲಿ ಬೆರಳಗಲಕ್ಕೆ ಒಂದರಂತೆ ಬೀಜವಿಟ್ಟು, ಮೇಲೆ ಕಾಲಂಗುಲದಷ್ಟು ನುಣುಪಾದ ಮಣ್ಣನ್ನು ಉದುರಿಸಬೇಕು. ಹೆಚ್ಚು ಆಳಕ್ಕೆ ಹೋದ ಬೀಜ ಮೇಲೆ ಬರಲಾರದು. ಒಂದು ಗ್ರಾಂ ತೂಕದಲ್ಲಿ ಸುಮಾರು ೧೫೦ ಬೀಜಗಳಿರುವುವಾದ್ದರಿಂದ ಮನೆಯ ಮಟ್ಟಿಗೆ ಒಂದು ಚಿಟಿಕೆ ಬೀಜವೇ ಧಾರಾಳ. ಬಿತ್ತಿದ ಮೇಲೆ ಒಣಹುಲ್ಲನ್ನಾಗಲಿ ಹಳೆಯ ಗೋಣಿಯನ್ನಾಗಲಿ ಹೊದಿಸಿ, ಅದರ ಮೇಲೆ ನೀರನ್ನು ಚಿಮುಕಿಸಬೇಕು. ಮೊದಲ ಮೊಳಕೆ ಕಂಡ ದಿನವೇ ಹೊದಿಕೆಯನ್ನು ತೆಗೆಯುವುದು ಅತ್ಯವಶ್ಯ. ಒಂದು ದಿನ ತಡವಾದರೂ ಸಸಿಗಳು ಬೆಳಕನ್ನು ಅರಸುತ್ತ ದಾರದಂತೆ ಉದ್ದವಾಗಿ ಬಲಹೀನವಾಗುವುವು. ‘ಬೆಳೆಯುವ ಸಿರಿ ಮೊಳಕೆಯಲ್ಲಿ’ ಎಂಬ ಗಾದೆಯನ್ನು ಹೇಳುವವರು ಬಹಳ. ಆ ಮೊಳಕೆಗೆ ಬಿಸಿಲನ್ನು ತೋರಿಸುವವರು ಕಡಮೆ.

ನೀರಿನ ವಿವೇಕ

ಇನ್ನು ಎರಡನೆಯ ದೂರು. ಎದ್ದ ಸಸಿ ಏಕೆ ಬೀಳುವುದು? ಈ ಪ್ರಶ್ನೆಗೆ ಉತ್ತರವನ್ನು ನಾವು ಪುಸ್ತಕದಿಂದ ಕಲಿತವರಲ್ಲ, ನಷ್ಟದಿಂದ ಕಲಿತವರು.

ನಮ್ಮ ತಾಯಿಯವರು ಮದುವೆಯಾಗಿ ಧಾರವಾಡಕ್ಕೆ ಬಂದಾಗ, ಹಾವೇರಿಯ ಕಡೆಯ ತಮ್ಮ ತವರಿನಿಂದ ಒಂದು ಹಿಡಿ ಮೆಣಸಿನ ಬೀಜವನ್ನು ತಂದಿದ್ದರಂತೆ. ಬ್ಯಾಡಗಿಯ ಕಡ್ಡಿಯನ್ನು ಹೋಲುವ, ಆದರೆ ಅದಕ್ಕಿಂತ ತುಸು ಗಿಡ್ಡನೆಯ ಕಾಯಿ. ಅಂದಿನಿಂದ ಅವರು ಬದುಕಿರುವವರೆಗೂ ಹಿತ್ತಿಲಿನಲ್ಲಿ ಆ ಗಿಡ ತಪ್ಪಿದ ವರ್ಷವಿಲ್ಲ. ನಮ್ಮ ಮನೆಯ ಸಾರಿನ ಬಣ್ಣವೆಂದರೆ ಆ ಕಾಯಿಯ ಬಣ್ಣ. ಚಳಿಗಾಲದಲ್ಲಿ ರೊಟ್ಟಿಗೆ ಹಚ್ಚಿಕೊಳ್ಳುವ ರಂಜಕವೆಂದರೆ ಆ ಹಣ್ಣಿನದೇ ರಂಜಕ. ಅವರು ತೀರಿಕೊಂಡ ಮರುವರ್ಷ ರೋಹಿಣಿ ಮಳೆಗೆ ನಾವು ಗಡಿಗೆಯನ್ನು ತೆಗೆದು, ಅದರಲ್ಲಿದ್ದ ಬೀಜವನ್ನೆಲ್ಲ ಒಂದೇ ಮಡಿಯಲ್ಲಿ ಬಿತ್ತಿದೆವು. ಅವರ ಕೈಯ ಬೀಜವೆಂಬ ಮಮತೆಯಿಂದ ಬೆಳಗ್ಗೆ, ಮಧ್ಯಾಹ್ನ, ದೀಪ ಹಚ್ಚುವ ಹೊತ್ತಿಗೆ ಮತ್ತೊಮ್ಮೆ, ಹೀಗೆ ಮೂರು ಹೊತ್ತೂ ನೀರೆರೆದೆವು. ಎಂಟನೆಯ ದಿನ ಹಸುರು ಚಾಪೆ ಹಾಸಿದಂತೆ ಸಸಿಗಳೆದ್ದುವು. ಮನೆಯವರೆಲ್ಲರೂ ಕರೆದು ತೋರಿಸಿದ್ದೇ ತೋರಿಸಿದ್ದು. ಹದಿನೈದನೆಯ ದಿನ ಬೆಳಗ್ಗೆ ಮಡಿಯ ಒಂದು ಮೂಲೆಯಲ್ಲಿ ಅಂಗೈಯಗಲ ಸಸಿಗಳು ಮಲಗಿದ್ದುವು. ಬಾಯಾರಿರಬೇಕೆಂದು ಬಗೆದು ಇನ್ನೂ ನೀರೆರೆದೆವು. ನಾಲ್ಕು ದಿನಗಳಲ್ಲಿ ಮಡಿಯೆಲ್ಲ ಬರಿದಾಯಿತು. ಗಡಿಗೆಯಲ್ಲಿ ಒಂದು ಬೀಜವೂ ಉಳಿದಿರಲಿಲ್ಲ.

ಸಸಿಗಳ ಬುಡವನ್ನು ಕೊಳೆಸುವ ಈ ರೋಗಕ್ಕೆ ಕಾರಣ ಮಣ್ಣಿನಲ್ಲಿರುವ, ಬೂಷ್ಟನ್ನು ಹೋಲುವ ಸೂಕ್ಷ್ಮಜೀವಿಗಳು. ಅವು ಎಲ್ಲೆಡೆಯೂ ಇರುವಂಥವೇ. ಸದಾ ಹಸಿಯಾದ ಮಣ್ಣು, ಒತ್ತೊತ್ತಾಗಿ ನಿಂತ ಸಸಿ, ಗಾಳಿಯಾಡದ ಮೂಲೆ, ಈ ಮೂರು ಕೂಡಿದಾಗ ಅವು ಬಲಗೊಳ್ಳುವುವು. ನೆಲದ ಮಟ್ಟದಲ್ಲಿ ಕಾಂಡವು ನೀರೂರಿ ತೆಳ್ಳಗಾಗಿ ಸಸಿ ಮುರಿದು ಬೀಳುವುದು. ಹೀಗೆ ಬಿದ್ದ ಸಸಿಯನ್ನು ಬದುಕಿಸುವ ಉಪಾಯವಿಲ್ಲ. ಬೀಳದಂತೆ ನೋಡಿಕೊಳ್ಳುವುದೊಂದೇ ಉಪಾಯ. ಹೊದಿಕೆ ತೆಗೆದ ಮೇಲೆ ನೀರನ್ನು ಬೆಳಗಿನ ಹೊತ್ತು ಮಾತ್ರ ಕೊಡಬೇಕು. ಸಂಜೆ ಕೊಟ್ಟ ನೀರು ರಾತ್ರಿಯೆಲ್ಲ ಸಸಿಯ ಬುಡದಲ್ಲಿ ನಿಲ್ಲುವುದು. ಬೆರಳನ್ನು ಮಣ್ಣಿನಲ್ಲಿ ಅರ್ಧ ಅಂಗುಲ ಇಳಿಸಿ ನೋಡಿ, ತೇವವಿದ್ದರೆ ಆ ದಿನ ನೀರಿನ ತಂಬಿಗೆಯನ್ನು ಮುಟ್ಟಬಾರದು. ದಟ್ಟವಾಗಿ ಎದ್ದ ಸಸಿಗಳಲ್ಲಿ ಬಲಹೀನವಾದುವನ್ನು ಮರುಕಪಡದೆ ಕಿತ್ತು, ಒಂದಕ್ಕೊಂದು ಎರಡಂಗುಲದ ಅಂತರ ಬಿಡಬೇಕು. ಒಂದು ಮೂಲೆಯಲ್ಲಿ ಸಸಿ ಬಿದ್ದರೆ ಅಲ್ಲಿಯ ಮಣ್ಣನ್ನೂ ಸಸಿಯನ್ನೂ ಕೂಡಿಯೇ ತೆಗೆದು ದೂರ ಎಸೆದು, ಒಂದೆರಡು ದಿನ ನೀರನ್ನು ನಿಲ್ಲಿಸಬೇಕು. ಮಗುವಿಗೆ ಹೊಟ್ಟೆ ತುಂಬಿದ ಮೇಲೂ ತುತ್ತಿಡುವ ತಾಯಿಯಂತೆ ಮಾಡಿ ನಾವು ಆ ವರ್ಷ ಕೆಟ್ಟೆವು. ವಾಚಕರು ಹಾಗೆ ಕೆಡದಿರಲೆಂದು ಇಷ್ಟು ವಿಸ್ತಾರವಾಗಿ ಹೇಳಿದೆವು.

ನಾಟಿ ಮತ್ತು ಪಾಲನೆ

ಬಿತ್ತಿದ ೩೫ರಿಂದ ೪೫ ದಿನಗಳಲ್ಲಿ ಸಸಿ ಗೇಣುದ್ದದ ಒಳಗೆ ಬೆಳೆದು ಐದಾರು ಎಲೆಗಳನ್ನು ಹೊಂದುವುದು. ನಮ್ಮ ಕಡೆ ಇದನ್ನು ಅಗಿ ಎನ್ನುವರು. ಅಗಿಯನ್ನು ಕೀಳುವ ವಾರದ ಮುಂಚಿನಿಂದ ನೀರನ್ನು ಕಡಮೆ ಮಾಡಿ, ಬಿಸಿಲನ್ನು ಹೆಚ್ಚಾಗಿ ತೋರಿಸಿ ಅದನ್ನು ಗಟ್ಟಿಮಾಡಬೇಕು. ಕೀಳುವ ದಿನ ಮಡಿಯನ್ನು ಚೆನ್ನಾಗಿ ನೆನೆಸಿ, ಬೇರಿನ ಮಣ್ಣು ಉದುರದಂತೆ ತೆಗೆದು, ಸಂಜೆಯ ತಂಪಿನಲ್ಲಿ ನೆಡಬೇಕು. ನೆಲದಲ್ಲಾದರೆ ಗಿಡದಿಂದ ಗಿಡಕ್ಕೆ ಒಂದೂವರೆ ಅಡಿಯಿಂದ ಎರಡಡಿ ಅಂತರ. ಕುಂಡದಲ್ಲಾದರೆ ಹತ್ತು ಹನ್ನೆರಡು ಅಂಗುಲ ಬಾಯಿಯ ಕುಂಡಕ್ಕೆ ಒಂದೇ ಗಿಡ. ಎರಡು ನೆಟ್ಟರೆ ಎರಡೂ ಅರೆಹೊಟ್ಟೆಯಲ್ಲಿ ಉಳಿಯುವುವು. ಮೊದಲ ಮೂರು ನಾಲ್ಕು ದಿನ ಮಧ್ಯಾಹ್ನದ ಬಿಸಿಲಿಗೆ ಮುತ್ತುಗದ ಎಲೆಯನ್ನೋ ಬುಟ್ಟಿಯನ್ನೋ ಮರೆಮಾಡಿ, ಆಮೇಲೆ ದಿನಕ್ಕೆ ಐದಾರು ತಾಸಾದರೂ ನೇರ ಬಿಸಿಲು ಬೀಳುವ ಸ್ಥಳದಲ್ಲಿರಿಸಬೇಕು. ನೆರಳಿನ ಮೆಣಸಿನ ಗಿಡ ಎಲೆಯನ್ನು ಕೊಡುವುದು, ಕಾಯಿಯನ್ನು ಕೊಡದು.

ಗೊಬ್ಬರದ ವಿಷಯದಲ್ಲಿಯೂ ಮಿತವೇ ಹಿತ. ತಿಂಗಳಿಗೊಮ್ಮೆ ಎರಡು ಹಿಡಿ ಹಳೆಯ ಸಗಣಿಗೊಬ್ಬರವನ್ನೋ ಎರೆಗೊಬ್ಬರವನ್ನೋ ಬುಡದಿಂದ ತುಸು ದೂರ ಹಾಕಿ ಮಣ್ಣೇರಿಸಿದರೆ ಸಾಕು. ಸಾರಜನಕವು ಅತಿಯಾದ ಗೊಬ್ಬರ ಹಾಕಿದರೆ ಗಿಡ ಕಡುಹಸುರಾಗಿ ಸೊಕ್ಕಿ, ಹೂ ಬಿಡುವುದನ್ನೇ ಮರೆಯುವುದು. ಹೂ ಬಿಟ್ಟು ಉದುರುತ್ತಿದ್ದರೆ ಗಾಬರಿಪಡಬೇಕಾಗಿಲ್ಲ. ಹಗಲಿನ ಬಿಸಿಲು ೩೫ ಡಿಗ್ರಿಯನ್ನು ಮೀರಿದಾಗ, ಒಣಗಾಳಿ ಬೀಸಿದಾಗ, ನೀರು ಒಮ್ಮೆ ಅತಿಯಾಗಿ ಒಮ್ಮೆ ಕಡಮೆಯಾದಾಗ ಹೂ ಉದುರುವುದು ಸಹಜ. ಕಾಲ ತಂಪಾದೊಡನೆ ಕಾಯಿ ಹಿಡಿಯುವುದು.

ಎಲೆ ಮುರುಟುವುದು ಈ ಗಿಡದ ದೊಡ್ಡ ಕಾಟ. ಎಲೆಯ ಅಂಚು ದೋಣಿಯಂತೆ ಮೇಲಕ್ಕೆ ಮಡಿಸಿದರೆ ಅದು ಥ್ರಿಪ್ಸ್ ಎಂಬ ನುಸಿಯ ಕೆಲಸ. ಬೋರಲಿಟ್ಟ ದೋಣಿಯಂತೆ ಕೆಳಕ್ಕೆ ಮಡಿಸಿದರೆ ಮೈಟ್ ಎಂಬ ಮತ್ತೊಂದು ನುಸಿಯದು. ಎರಡೂ ಎಲೆಯ ತಳದಲ್ಲಿ ಕುಳಿತು ರಸವನ್ನು ಹೀರುವುವು. ಮನೆಯ ಮಟ್ಟಿಗೆ ಬೇವಿನ ಬೀಜದ ಕಷಾಯವೇ ಒಳ್ಳೆಯ ಔಷಧ. ೫೦ ಗ್ರಾಂ ಬೇವಿನ ಬೀಜದ ತಿರುಳನ್ನು ಕುಟ್ಟಿ, ಒಂದು ಲೀಟರ್ ನೀರಿನಲ್ಲಿ ರಾತ್ರಿಯೆಲ್ಲ ನೆನೆಯಿಟ್ಟು, ಬೆಳಗ್ಗೆ ಬಟ್ಟೆಯಲ್ಲಿ ಶೋಧಿಸಿ, ಚಿಟಿಕೆ ಸಾಬೂನಿನ ಪುಡಿ ಬೆರಸಿ, ಎಲೆಗಳ ತಳಕ್ಕೆ ತಾಗುವಂತೆ ವಾರಕ್ಕೊಮ್ಮೆ ಸಂಜೆ ಸಿಂಪಡಿಸಬೇಕು. ರೋಗವು ಕೆಲವು ಎಲೆಗಳಲ್ಲಿರುವಾಗಲೇ ತೊಡಗಿದರೆ ಫಲವುಂಟು. ಗಿಡವೆಲ್ಲ ಮುದುಡಿ, ಎಲೆ ಕಿರಿದಾಗಿ, ಹಳದಿಗಟ್ಟಿದ್ದರೆ ಅದು ಬಿಳಿನೊಣ ತಂದ ನಂಜುರೋಗವಾಗಿರಬಹುದು. ಅಂಥ ಗಿಡವನ್ನು ಕಿತ್ತುಹಾಕುವುದೇ ಉಳಿದ ಗಿಡಗಳಿಗೆ ರಕ್ಷೆ.

ಕೊಯ್ಲು

ನಾಟಿಯಾದ ಎರಡು ಎರಡೂವರೆ ತಿಂಗಳಿಗೆ ಹಸಿಕಾಯಿ ಕೊಯ್ಯಲು ಬರುವುದು. ಕೊಯ್ದಷ್ಟೂ ಗಿಡ ಮತ್ತೆ ಹೂವಿಡುವುದರಿಂದ ಕಾಯಿಯನ್ನು ಗಿಡದಲ್ಲಿಯೇ ಮುದಿಯಾಗಲು ಬಿಡುವುದು ಹಸಿಕಾಯಿ ಬೇಕೆನ್ನುವವರಿಗೆ ನಷ್ಟ. ಈ ಕಾಯಿ ಬರಿಯ ರುಚಿಗಾಗಿ ಮಾತ್ರವಲ್ಲ. ಹಂಗೇರಿಯ ವಿಜ್ಞಾನಿ ಆಲ್ಬರ್ಟ್ ಸೆಂಟ್-ಗ್ಯೋರ್ಗಿಯವರು ತಮ್ಮ ದೇಶದ ಕೆಂಪು ಮೆಣಸಿನಿಂದಲೇ ‘ಸಿ’ ಜೀವಸತ್ವವನ್ನು ಹೇರಳವಾಗಿ ಬೇರ್ಪಡಿಸಿದರು. ಆ ಜೀವಸತ್ವದ ವಿಷಯದ ಶೋಧಗಳೂ ಸೇರಿದಂತೆ ಅವರ ಕಾರ್ಯಕ್ಕೆ ೧೯೩೭ರಲ್ಲಿ ನೊಬೆಲ್ ಬಹುಮಾನ ಬಂದಿತು. ಒಣಗಿಸಿದರೂ ಬೇಯಿಸಿದರೂ ಆ ಸತ್ವವು ಬಹುಮಟ್ಟಿಗೆ ನಾಶವಾಗುವುದರಿಂದ ಹಸಿಯಾಗಿ ಚಟ್ನಿ ಕೋಸಂಬರಿಗಳಲ್ಲಿ ಬಳಸುವುದೇ ಲಾಭ.

ಖಾರವಿರುವುದು ಬೀಜದಲ್ಲಿ ಎಂದು ನಂಬಿದವರು ಬಹಳ ಮಂದಿ. ನಿಜವಾಗಿ ಅದು ಬೀಜವನ್ನು ಹಿಡಿದಿರುವ ಬಿಳಿಯ ತಿರುಳಿನಲ್ಲಿರುವುದು. ತಿರುಳಿಗೆ ಅಂಟಿಕೊಂಡಿರುವುದರಿಂದಲೇ ಬೀಜಕ್ಕೂ ಖಾರ ಹತ್ತುವುದು. ಆ ಖಾರದ ದ್ರವ್ಯ ನೀರಿನಲ್ಲಿ ಕರಗದು, ಎಣ್ಣೆಯಲ್ಲಿ ಕರಗುವುದು. ಆದುದರಿಂದ ಬೀಜ ಬಿಡಿಸಿದ ಕೈ ಉರಿದರೆ ಮೊದಲು ಎಣ್ಣೆ ಹಚ್ಚಿ ಉಜ್ಜಿ, ಆಮೇಲೆ ಸಾಬೂನಿನಿಂದ ತೊಳೆಯಬೇಕು. ಬಾಯಿ ಉರಿದರೆ ನೀರಿಗಿಂತ ಮೊಸರು ಮಜ್ಜಿಗೆಗಳು ಮೇಲು. ಎಳೆಯ ಮಕ್ಕಳಿರುವ ಮನೆಯಲ್ಲಿ ಬೀಜ ಬಿಡಿಸಿದವರು ಕೈ ತೊಳೆಯದೆ ಮಗುವನ್ನು ಎತ್ತಿಕೊಳ್ಳಬಾರದು.

ಬೀಜವನ್ನು ಉಳಿಸುವುದು

ನಮ್ಮ ಗಡಿಗೆ ಬರಿದಾದ ಕಥೆಯನ್ನು ಅರ್ಧಕ್ಕೆ ನಿಲ್ಲಿಸಿದ್ದೆವು. ಆ ವರ್ಷ ಪೇಟೆಯಿಂದ ಬೇರೆ ಬೀಜವನ್ನು ತಂದು ಬೆಳೆದೆವು. ಗಿಡ ಚೆನ್ನಾಗಿಯೇ ಬಂದಿತು, ಕಾಯಿಯೂ ಹೇರಳವಾಗಿ ಹಿಡಿಯಿತು. ಆದರೆ ಊಟಕ್ಕೆ ಕುಳಿತವರಲ್ಲಿ ಒಬ್ಬರೂ ಸಾರಿನ ವಿಷಯವಾಗಿ ಮಾತೆತ್ತಲಿಲ್ಲ. ಎಳ್ಳಮವಾಸ್ಯೆಯ ಸುಮಾರಿಗೆ ನಮ್ಮ ಓಣಿಯ ಕೊನೆಯ ಮನೆಯ ವೃದ್ಧೆಯೊಬ್ಬರನ್ನು ಕಾಣಹೋದಾಗ, ಅವರ ಹಿತ್ತಿಲಿನ ಗೋಡೆಯ ಬದಿಯಲ್ಲಿ ನಾಲ್ಕು ಗಿಡಗಳು ಕಂಡುವು. ತುಸು ಗಿಡ್ಡನೆಯ, ಸುಕ್ಕುಮೈಯ, ಅದೇ ಕೆಂಪಿನ ಕಾಯಿ. ನಾವು ನೋಡುತ್ತ ನಿಂತುದನ್ನು ಕಂಡು ಅವರು, “ಏನ ನೋಡತಿ ತಮ್ಮಾ? ನಿಮ್ಮ ಅವ್ವ ಕೊಟ್ಟ ಬೀಜಾನ ಅದು. ಹನ್ನೆರಡು ವರ್ಷಾತು” ಎಂದರು. ಬೀಜವನ್ನು ಬೇಡಲು ನಮಗೆ ಬಾಯಿ ಬರಲಿಲ್ಲ. ಅವರೇ ನಾಲ್ಕು ಹಣ್ಣುಗಳನ್ನು ಕಿತ್ತು ಕೈಗಿಟ್ಟು, “ನಿಮ್ಮದ ನಿಮಗ ಕೊಡಾಕ ಕೇಳೂದೇನೈತಿ?” ಎಂದರು.

ಹೀಗೆ ತಾಯಿಯವರು ಮನೆಯಲ್ಲಿಟ್ಟ ಬೀಜವನ್ನು ನಾವು ಕಳೆದೆವು. ಅವರು ಹೊರಗೆ ಕೊಟ್ಟ ಬೀಜವು ನಮಗೆ ಉಳಿಯಿತು. ಅಂದಿನಿಂದ ನಮ್ಮ ಮನೆಯಲ್ಲಿ ಒಂದು ನಿಯಮವಾಗಿದೆ. ವರ್ಷದ ಬೀಜವನ್ನು ಮೂರು ಪಾಲು ಮಾಡುವೆವು. ಒಂದು ಪಾಲು ಬಿತ್ತುವುದಕ್ಕೆ, ಒಂದು ಪಾಲು ಗಡಿಗೆಗೆ, ಒಂದು ಪಾಲು ನೆರೆಹೊರೆಯವರಿಗೆ ಹಾಗೂ ಬಂಧುಬಳಗದವರಿಗೆ. ಎಷ್ಟೇ ಒಳ್ಳೆಯ ಮಳೆಯಾಗಲಿ, ಗಡಿಗೆಯ ಬೀಜವನ್ನು ಪೂರ್ತಿಯಾಗಿ ಬಿತ್ತುವುದಿಲ್ಲ.

ಬೀಜಕ್ಕೆ ಕಾಯಿಯನ್ನು ಆರಿಸುವ ಕ್ರಮ ಹೀಗಿದೆ. ಗಿಡಗಳು ಹೂಬಿಡುವ ಮೊದಲೇ ಅವುಗಳಲ್ಲಿ ಆರೋಗ್ಯವಾದ, ಎಲೆ ಮುರುಟದ ಒಂದೆರಡನ್ನು ಗೊತ್ತುಮಾಡಿ, ಕಾಂಡಕ್ಕೆ ಕೆಂಪು ದಾರ ಕಟ್ಟಬೇಕು. ಮೆಣಸಿನ ಹೂವು ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲದಾದರೂ ಜೇನು ಮೊದಲಾದ ಹುಳುಗಳು ಬೇರೆ ಜಾತಿಯ ಪರಾಗವನ್ನು ತರುವುದು ಸಾಮಾನ್ಯ. ಹಿತ್ತಿಲಿನಲ್ಲಿ ಎರಡು ಮೂರು ಜಾತಿಗಳಿದ್ದರೆ, ದಾರ ಕಟ್ಟಿದ ಗಿಡದ ಒಂದು ಕೊಂಬೆಗೆ ಮೊಗ್ಗು ಅರಳುವ ಮುನ್ನ ತೆಳುವಾದ ಬಟ್ಟೆಯ ಚೀಲವನ್ನು ಕಟ್ಟಿ, ದಿನಕ್ಕೊಮ್ಮೆ ಮೆಲ್ಲನೆ ಅಲುಗಿಸಿ, ಕಾಯಿ ಹಿಡಿದ ಮೇಲೆ ಚೀಲವನ್ನು ಬಿಚ್ಚಿ ಆ ಕಾಯಿಗಳ ತೊಟ್ಟಿಗೆ ದಾರವನ್ನು ಕಟ್ಟಬೇಕು. ಆ ಕಾಯಿ ಗಿಡದಲ್ಲಿಯೇ ಪೂರ್ಣ ಕೆಂಪಾಗಿ, ಮೈ ಸ್ವಲ್ಪ ಬಾಡುವವರೆಗೆ ಇರಲಿ. ಹಸಿಕಾಯಿಯ ಬೀಜ ಬಲಿತಿರುವುದಿಲ್ಲ. ಗಿಡದ ಕೊನೆಗಾಲದ ಸಣಕಲು ಕಾಯಿಯನ್ನೂ ಬೀಜಕ್ಕೆ ಇಡಬಾರದು.

ಹಣ್ಣನ್ನು ಕೊಯ್ದು ನೆರಳಿನಲ್ಲಿ ಒಣಗಿಸಿ, ಬೀಜವನ್ನು ಬಿಡಿಸಿ, ಮತ್ತೆ ವಾರದವರೆಗೆ ನೆರಳಿನಲ್ಲಿಯೇ ಹರಡಬೇಕು. ಕಾದ ಮಾಳಿಗೆಯ ಬಿಸಿಲು ಬೀಜದ ಜೀವವನ್ನು ಸುಡುವುದು. ಚೆನ್ನಾಗಿ ಒಣಗಿದ ಬೀಜವು ಬಾಗದೆ ಪಟಕ್ಕನೆ ಮುರಿಯುವುದು. ಅದನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿ, ಜಾತಿಯ ಹೆಸರನ್ನೂ ವರ್ಷವನ್ನೂ ಬರೆದು, ಬಿಗಿಮುಚ್ಚಳದ ಡಬ್ಬಿಯಲ್ಲ್ಲಿ ಒಣಬೂದಿಯ ನಡುವೆ ಇಟ್ಟು, ಡಬ್ಬಿಯನ್ನು ತಂಪಾದ ಕತ್ತಲೆಯ ಕಡೆ ಇರಿಸಬೇಕು. ಹೀಗಿಟ್ಟ ಬೀಜ ಎರಡು ಮೂರು ವರ್ಷ ಮೊಳೆಯುವ ಶಕ್ತಿಯನ್ನು ಉಳಿಸಿಕೊಳ್ಳುವುದು. ವರ್ಷವನ್ನು ಬರೆಯದ ಪೊಟ್ಟಣವು ಮರುವರ್ಷಕ್ಕೆ ಅನುಮಾನದ ಪೊಟ್ಟಣವಾಗುವುದು.

ನಮ್ಮ ದೇಶದ ಕಾನೂನೂ ಈ ಹಳೆಯ ಪದ್ಧತಿಯನ್ನು ಮನ್ನಿಸಿದೆ. ಸಸ್ಯತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ವಿಷಯವಾಗಿ ೨೦೦೧ರಲ್ಲಿ ಆದ ಕಾಯಿದೆಯು, ರೈತನು ತಾನು ಬೆಳೆದುದರ ಬೀಜವನ್ನು ಕೂಡಿಡುವ, ಮತ್ತೆ ಬಿತ್ತುವ, ಇತರರೊಡನೆ ಹಂಚಿಕೊಳ್ಳುವ ಹಕ್ಕನ್ನು ಸ್ಪಷ್ಟವಾಗಿ ಹೇಳಿದೆ. ಹಕ್ಕನ್ನು ಕಾಯಿದೆ ಕೊಡಬಲ್ಲದು. ಬೀಜವನ್ನು ಬೂದಿಯಲ್ಲಿಟ್ಟು ಕಾಯುವ ಕೆಲಸ ಮಾತ್ರ ಮನೆಯವರದೇ.

ವಾಚಕರಲ್ಲಿ ನಮ್ಮ ವಿನಂತಿ ಇಷ್ಟೇ. ತಾಯಂದಿರ, ಅತ್ತೆಯವರ ಕೈಯಿಂದ ಬಂದ ಯಾವುದಾದರೊಂದು ಮೆಣಸಿನ ಬೀಜ ಮನೆಯ ಡಬ್ಬಿಯ ಮೂಲೆಯಲ್ಲಿದ್ದರೆ ಈ ವಾರವೇ ಅದನ್ನು ಹೊರತೆಗೆದು, ಹತ್ತು ಬೀಜಗಳನ್ನು ಒದ್ದೆಬಟ್ಟೆಯಲ್ಲಿ ಸುತ್ತಿ ನೋಡಿರಿ. ಮೊಳೆತರೆ ಕಾಲ ನೋಡಿ ಅರ್ಧವನ್ನಷ್ಟೇ ಬಿತ್ತಿರಿ. ಕಾಯಿ ಹಣ್ಣಾದಾಗ ಪಕ್ಕದ ಮನೆಗೂ ಮದುವೆಯಾಗಿ ಹೋದ ಹೆಣ್ಣುಮಕ್ಕಳ ಮನೆಗೂ ಒಂದೊಂದು ಪೊಟ್ಟಣವನ್ನು ಕಳುಹಿಸಿರಿ. ನಮ್ಮ ಓಣಿಯ ಆ ವೃದ್ಧೆ ಈಗಿಲ್ಲ. ಅವರ ಮೊಮ್ಮಗಳು ಕಳೆದ ವರ್ಷ ಬಂದು, ತಮ್ಮ ಗಿಡಗಳು ಮಳೆಗೆ ಕೊಳೆತುವೆಂದು ಹೇಳಿ, ಬೀಜವಿದೆಯೇ ಎಂದು ಕೇಳಿದಳು. ಗಡಿಗೆಯಲ್ಲಿ ಇತ್ತು, ಕೊಟ್ಟೆವು.